ನೀರು ತಾಕಬಾರದ ಜುಮಕಿ

ಅಂಟವಾಳದ ಕಾಯಿ ನೆನೆಸಿದ ನೀರಿಗೆ ಅದರದೇ ಒಂದು ವಾಸನೆ. ಒಳ್ಳೆಯದು ಎನ್ನಲು ಬಾರದು, ಕೆಟ್ಟದ್ದು ಎನ್ನಲೂ ಮನಸ್ಸಾಗದು. ಹಳೆಯ ಬೆಲ್ಲ ಹುಳಿ ಬಂದ ಹಾಗೆ... ಅದಕ್ಕೆ ಹುಣಸೆಹಣ್ಣು ಕಿವುಚಿ ಹಾಕಿದರಂತೂ ಮುಗಿಯಿತು, ಅಣ್ಣಿಗೇರಿಯ ನನ್ನ ಮನೆ ಹೋಗಿ ನವಲಗುಂದದ ನಮ್ಮ ಓಣಿ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಮೊನ್ನೆಯೂ ಹಾಗೆಯೇ ಆಯಿತು. ದೀಪಾವಳಿ ಹತ್ತಿರ ಬಂತೆಂದು ಸೊಸೆ ಹಿತ್ತಲಲ್ಲಿ ಬೋಗುಣಿ ಇಟ್ಟುಕೊಂಡು ಬೆಳ್ಳಿ ಸಾಮಾನು ತಿಕ್ಕುತ್ತಿದ್ದಳು. ಆರತಿ ತಟ್ಟೆ, ಕುಂಕುಮದ ಭರಣಿ, ನಮ್ಮವರ ಇಷ್ಟಲಿಂಗದ ಕರಡಿಗೆ. ನಾನು ಒಳಗೆ ಚಹಾಕ್ಕೆ ಇಟ್ಟಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ಹೊರಗೆ ಓಡಿ ಬಂದೆ. ನೋಡಿದರೆ ಅವಳ ಬೆರಳ ತುದಿಯಲ್ಲಿ ಒಂಟಿ ಜುಮಕಿ ತೂಗಾಡುತ್ತಿತ್ತು, ನೀರಿಗೆ ನಾಲ್ಕೇ ಬೆರಳು ಮೇಲೆ.

"ಏ ಏ, ಬ್ಯಾಡವಾ! ನೀರಾಗ ಹಾಕಬ್ಯಾಡ!" ಎಂದು ನಾನು ಕೂಗಿದ ಕೂಗಿಗೆ ಬಾಜೂ ಮನೆಯ ನಾಯಿ ಬೊಗಳಲು ಶುರು ಮಾಡಿತು.

ಪಾಪ, ಹುಡುಗಿ ಬೆದರಿಬಿಟ್ಟಳು. "ಯಾಕ್ರಿ ಅತ್ತಿ, ಇದೂ ಬೆಳ್ಳೀನ ಅಲ್ಲೇನ್ರಿ? ಅಗದಿ ಕಪ್ಪಾಗೇತಿ ನೋಡ್ರಿ. ಇದರ ಜೋಡಿ ಎಲ್ಲೈತ್ರಿ?"

ಜುಮಕಿ ಕೈಯಿಂದ ತೆಗೆದುಕೊಂಡು ಸೆರಗಿನಲ್ಲಿ ಮುಚ್ಚಿ ಹಿಡಿದೆ. ಜೋಡಿ ಎಲ್ಲಿದೆ ಎಂಬುದನ್ನು ಹೇಳಬೇಕೆಂದರೆ ನಲವತ್ತು ವರ್ಷ ಹಿಂದಕ್ಕೆ ಹೋಗಿ, ನಮ್ಮ ಮನೆಯ ಗೋಡೆಗೆ ಗೋಡೆ ಹಚ್ಚಿ ಇದ್ದ ಖಾಲಾನ ಮನೆಯ ಬಾಗಿಲು ತಟ್ಟಬೇಕು...

ಖಾಲಾ ಎಂದರೆ ನಮ್ಮ ರಕ್ತಸಂಬಂಧವೇನಲ್ಲ. ಆಕೆಯ ಮಗಳನ್ನು ನಾನು ಅಕ್ಕನೆಂದು ಆಪಾ ಎನ್ನುತ್ತಿದ್ದೆ, ಆಕೆಯನ್ನು ದೊಡ್ಡವ್ವನೆಂದು ಖಾಲಾ ಎನ್ನುತ್ತಿದ್ದೆ. ನಮ್ಮ ಅವ್ವ "ಅಕ್ಕಾ" ಎನ್ನುತ್ತಿದ್ದಳು. ನಡುಗೋಡೆಯಲ್ಲಿ ಒಂದು ಕಿಂಡಿ ಇತ್ತು. ಅತ್ತಲಿಂದ ಶಾವಿಗೆಯ ಸುರಕುಂಬಾ ಬಂದರೆ ಇತ್ತಲಿಂದ ಹೋಳಿಗೆ ಹೋಗುತ್ತಿತ್ತು. ಬೈಗುಳವೂ ಅದೇ ಕಿಂಡಿಯಲ್ಲಿ ಹೋಗಿ ಬರುತ್ತಿತ್ತು ಅನ್ನಿ. ಖಾಲಾ ಜಮಖಾನೆ ನೇಯುತ್ತಿದ್ದಳು. ಪಡಸಾಲೆಯಲ್ಲಿ ಮಗ್ಗ, ಅದರ ಮುಂದೆ ಹಲಗೆಯ ಮೇಲೆ ಕಾಲು ಮಡಚಿ ಕೂತ ಆಕೆ, ಕೈಯಲ್ಲಿ ನೂಲು ಬಡಿಯುವ ಕಬ್ಬಿಣದ ಪಂಜಾ. ಆ ಟಕ್ ಟಕ್ ಸದ್ದಿಗೇ ನಾನು ಬಾಯಿಪಾಠ ಮಾಡುತ್ತಿದ್ದೆ. ಇವತ್ತಿಗೂ ಹದಿಮೂರರ ಮಗ್ಗಿ ಹೇಳಬೇಕಾದರೆ ಆ ತಾಳ ಬೇಕು ನನಗೆ.

ಆಕೆಯ ಬಳಿ ಇದ್ದ ಒಡವೆ ಎಂದರೆ ಒಂದೇ, ಆ ಜುಮಕಿ ಜೋಡಿ. ಬೆಳ್ಳಿಯವು. ಒಂದೊಂದರಲ್ಲಿ ಏಳು ಫಿರೋಜಾ ಹರಳು. ಖಾಲಾನ ತಾಯಿಗೆ ಯಾರೋ ಹೈದರಾಬಾದಿನಿಂದ ತಂದುಕೊಟ್ಟದ್ದಂತೆ. ತಾಯಿಯ ಕಿವಿಯಿಂದ ಖಾಲಾನ ಕಿವಿಗೆ ಬಂದಿತ್ತು, ಮುಂದೆ ಆಪಾನ ಕಿವಿಗೆ ಹೋಗಬೇಕಾಗಿತ್ತು. ಜಿಟಿಜಿಟಿ ಮಳೆ ನಿಂತು ಹೊಳವಾದ ಮೇಲೆ ಮುಗಿಲಿಗೆ ಬರುವ ನೀಲಿ ಇದೆಯಲ್ಲ, ಅದೇ ಬಣ್ಣ. ಒಂದರ ಕೊಂಡಿ ಯಾವ ಕಾಲದಲ್ಲೋ ಮುರಿದು ಪತ್ತಾರ ಬೆಸೆದುಕೊಟ್ಟಿದ್ದ. ಬೆಸೆದ ಜಾಗದಲ್ಲಿ ಜೋಳದ ಕಾಳಿನಷ್ಟು ಗಂಟು. ಇನ್ನೊಂದರ ಕೊಂಡಿ ನಯವಾಗಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ಗಂಟು ನನಗೆ ಮುಂದೆ ಬೇಕಾಗುತ್ತದೆ.

ಅಬ್ಬಬ್ಬಾ, ಆ ಜುಮಕಿಗೆ ಇದ್ದ ಕಟ್ಟುನಿಟ್ಟು! ಸ್ನಾನ ಮಾಡಿ, ಎಣ್ಣೆ ಹಚ್ಚಿ, ತಲೆ ಬಾಚಿ, ಅತ್ತರು ಪೂಸಿ, ಅದು ಪೂರ್ತಿ ಆರಿದ ಮೇಲೆ ಎಲ್ಲಕ್ಕೂ ಕೊನೆಗೆ ಜುಮಕಿ. ಮನೆಗೆ ಬಂದ ಕೂಡಲೇ ಎಲ್ಲಕ್ಕಿಂತ ಮೊದಲು ಬಿಚ್ಚುವುದೂ ಜುಮಕಿಯೇ.

"ಫಿರೋಜಾ ಅಂದ್ರ ಬೀಗರಿದ್ಹಂಗ ನೋಡು," ಎನ್ನುತ್ತಿದ್ದಳು. "ಎಲ್ಲಾರಗಿಂತ ಹಿಂದ ಬರಬೇಕು, ಎಲ್ಲಾರಗಿಂತ ಮೊದಲ ಎದ್ದು ಹೋಗಬೇಕು. ನೀರ ಬಿದ್ರ ಸಿಟ್ಟು, ಎಣ್ಣಿ ಬಿದ್ರ ಸಿಟ್ಟು, ಬಿಸಲಾಗ ಕುಂದರಿಸಿದ್ರ ಸಿಟ್ಟು. ಮಾರಿ ಬಣ್ಣಾನ ಬದಲು ಮಾಡ್ತಾವ."

ಯಮನೂರಿಗೆ ದರ್ಗಾಕ್ಕೆ ಹೋದಾಗ ಎಲ್ಲರೂ ಹಳ್ಳದ ನೀರಿಗೆ ಇಳಿಯುತ್ತಿದ್ದರೆ ಖಾಲಾ ಮೊದಲು ಜುಮಕಿ ಬಿಚ್ಚಿ ನಮ್ಮ ಅವ್ವನ ಸೆರಗಿನ ತುದಿಗೆ ಗಂಟು ಹಾಕಿ, ಅವ್ವನನ್ನು ದಡದಲ್ಲೇ ಕೂರಿಸುತ್ತಿದ್ದಳು. ಅವ್ವ ಪಾಪ ಒಂದು ಸಲವೂ ನೀರಿಗೆ ಇಳಿದವಳಲ್ಲ! ಓಣಿಯ ಹೆಣ್ಣುಮಕ್ಕಳಿಗೂ ಪಾಠ ತಪ್ಪುತ್ತಿರಲಿಲ್ಲ. ಎದುರುಮನೆಯಾಕೆ ಫಿರೋಜಾ ಉಂಗುರ ಹಾಕಿಕೊಂಡೇ ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿಯುತ್ತಿದ್ದಳು. "ನಿನಗ ಹರಳ ಯಾಕ ಬೇಕವಾ, ಒಂದ ಅವರಿಕಾಳ ಕಟಗೋ ಬೆರಳಿಗೆ, ಕುದ್ದರ ತಿನ್ನಾಕರ ಬರತೈತಿ" ಎಂದು ಖಾಲಾ ಎಲ್ಲರೆದುರೇ ಅಂದುಬಿಟ್ಟಿದ್ದಳು. ಆ ಉಂಗುರದಾಕೆ ಎಂಟು ದಿನ ಖಾಲಾನ ಜೊತೆ ಮಾತು ಬಿಟ್ಟಿದ್ದಳು.

ಅಂಥ ಜುಮಕಿಯನ್ನು ಖಾಲಾ ಮುಟ್ಟಲು ಬಿಟ್ಟದ್ದು ನನಗೊಬ್ಬಳಿಗೇ. ಆಪಾಗೂ ಅಲ್ಲ! ಆಪಾ ಗಡಿಬಿಡಿಯವಳು. ನನಗೆ ಹನ್ನೊಂದೋ ಹನ್ನೆರಡೋ ಆಗಿರಬೇಕು, ಒಂದು ಶುಕ್ರವಾರ ಮಧ್ಯಾಹ್ನ ಖಾಲಾ ಕರೆದು, ನನ್ನ ಕೈ ತಿರುವಿ ಮುರುವಿ ನೋಡಿ, "ನಿನ್ನ ಕೈ ಒಣಾ ಅದಾವ. ಇನ್ನ ಮುಂದ ನೀನ ಒರಸು" ಎಂದಳು. ಆ ದಿನ ನನಗೆ ಬಂದ ದಿಮಾಕು ಹೇಳತೀರದು. ಹಳೆಯ ಮಲ್‌ಮಲ್ ಬಟ್ಟೆಯ ತುಂಡು, ಒಣಗಿದ್ದು. ಅದರಿಂದ ಹರಳನ್ನು ಒಂದೊಂದಾಗಿ ಮೆಲ್ಲಗೆ ಒರೆಸಬೇಕು. ಒರೆಸುವಾಗ ಉಸಿರು ಬಿಡಬಾರದು, ಬಾಯಿಯ ಹಸಿ ತಾಕುತ್ತದೆ. ನಾನು ಕೆನ್ನೆ ಉಬ್ಬಿಸಿಕೊಂಡು, ಮುಖ ಕೆಂಪಗಾಗುವವರೆಗೆ ಉಸಿರು ಹಿಡಿದು ಒರೆಸುತ್ತಿದ್ದೆ. ಖಾಲಾ ಮಗ್ಗದಿಂದಲೇ ನೋಡಿ ನಗುತ್ತಿದ್ದಳು. ಒರೆಸಿದ ಮೇಲೆ ಎರಡಕ್ಕೂ ಬೇರೆ ಬೇರೆ ಅರಿವೆ ಸುತ್ತಿ ಡಬ್ಬಿಯಲ್ಲಿಡಬೇಕು. ಒಂದಕ್ಕೊಂದು ತಾಕಿ ಗೀರು ಬೀಳಬಾರದು. ಬೆಳ್ಳಿ ಕಪ್ಪಾದರೆ ಆಗಲಿ, ಅದನ್ನು ಮುಟ್ಟುವ ಹಾಗಿರಲಿಲ್ಲ. "ಬೆಳ್ಳಿ ಬೆಳ್ಳಗ ಮಾಡಾಕ ಹೋದ್ರ ಹರಳ ಸಾಯತೈತಿ" ಎಂದು ಎಷ್ಟು ಸಲ ಹೇಳಿದ್ದಳೋ. ಹೇಳಿದ್ದಳು... ನಾನೇ ಕೇಳಿಸಿಕೊಂಡಿರಲಿಲ್ಲ.

ಖಾಲಾನ ಇನ್ನೊಂದು ಗುಣ ಹೇಳಲೇಬೇಕು. ಆಕೆಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಜಮಖಾನೆ ಒಯ್ಯಲು ಬಂದವರು ಚೆನ್ನಾಗಿದೆ ಎಂದು ಮಡಚುತ್ತಿದ್ದರೆ, ಈಕೆ ಅದನ್ನು ಮತ್ತೆ ಬಿಚ್ಚಿಸಿ, "ಈ ಮೂಲ್ಯಾಗ ಎರಡ ಎಳಿ ತಪ್ಪಾವ್ರಿ, ನೋಡಿ ಒಯ್ರಿ" ಎಂದು ಬೆರಳಿಟ್ಟು ತೋರಿಸುತ್ತಿದ್ದಳು. ಬಂದವರಿಗೆ ಕಾಣದ ತಪ್ಪು ಅದು. ಅವ್ವ ಕಿಂಡಿಯಲ್ಲಿ ಹಣಕಿ, "ಅಕ್ಕಾ, ಸುಮ್ನಿರಬಾರದೇನ?" ಎಂದರೆ, "ಬಾಯಿಗೆ ಬರೂದುಲ್ಲವಾ, ಏನ ಮಾಡ್ಲಿ" ಎನ್ನುತ್ತಿದ್ದಳು.

ಆಪಾನ ಲಗ್ನ ಸಂಶಿಯ ಕಡೆ ಗೊತ್ತಾಯಿತು. ಮಾತು ಮುಗಿಸಲು ಬಂದ ದಿನ ಬೀಗತಿ, ಅಂದರೆ ಆಪಾನ ಅತ್ತೆಯಾಗುವವಳು, ಜುಮಕಿ ನೋಡಿ ಮರುಳಾದಳು. ಆದರೆ ಆಕೆಯದು ಶಕುನ ಅಪಶಕುನದ ಜೀವ. ಫಿರೋಜಾ ಬಣ್ಣಗೆಟ್ಟರೆ ತೊಟ್ಟವರಿಗೆ ಕೇಡು ಎಂದು ನಂಬಿದವಳು. ನಮ್ಮ ಕಡೆ ಅಂಥವರು ಬಹಳ. "ಬಣ್ಣ ಹಿಂಗ ಇರಬೇಕ್ರಿ, ಸೊಸಿ ಈ ಬಣ್ಣ ತಗೊಂಡ ನಮ್ಮ ಮನಿಗೆ ಬರಲಿ" ಎಂದು ಎರಡೆರಡು ಸಲ ಹೇಳಿ ಹೋದಳು. ಖಾಲಾಗೆ ಅಂಥ ನಂಬಿಕೆ ಇರಲಿಲ್ಲ. "ಕಲ್ಲು ಬೆವರ ಕುಡದ್ರ ಬಣ್ಣ ಬಿಡತೈತಿ. ಕಷ್ಟ ಬರೂದಿದ್ರ ಕಲ್ಲಿನ ಬಣ್ಣ ಕೇಳಿ ಬರತೈತೇನು?" ಎಂದು ನಗುತ್ತಿದ್ದಳು. ಆದರೂ ಮಗಳನ್ನು ಕೊಡುವ ಮನೆ. ಅಂದಿನಿಂದ ಆ ಡಬ್ಬಿಯ ಮೇಲೆ ಆಕೆಯ ಕಣ್ಣು ಇನ್ನಷ್ಟು ಹೆಚ್ಚಾಯಿತು.

ಲಗ್ನದ ಹಿಂದಿನ ದಿನ. ಮಗಳ ಜೊತೆ ಕಳಿಸುವ ಜಮಖಾನೆಯ ಕೊನೆಯ ಅಂಚು ಉಳಿದಿತ್ತು, ಖಾಲಾ ಮಗ್ಗ ಬಿಟ್ಟು ಏಳುವ ಹಾಗಿರಲಿಲ್ಲ. ಡಬ್ಬಿ ನನ್ನ ಕೈಗೆ ಕೊಟ್ಟು, "ನಾಳೆ ಆಪಾ ಹಾಕ್ಕೋತಾಳ. ಚೊಲೋತ್ನ್ಯಾಗ ಒರಸಿ ತಗೊಂಬಾ" ಎಂದಳು. ನಾನು ನಮ್ಮ ಮನೆಗೆ ಬಂದೆ. ಹಿತ್ತಲಲ್ಲಿ ಅವ್ವ ಲಗ್ನದ ಉಡುಗೊರೆಯಾಗಿ ಆಯಾರಕ್ಕೆ ಕೊಡಬೇಕಾದ ಬೆಳ್ಳಿ ಬಟ್ಟಲನ್ನು ಹುಣಸೆಹಣ್ಣು, ಅಂಟವಾಳ ಹಾಕಿ ತಿಕ್ಕಿಟ್ಟು ಒಳಗೆ ಹೋಗಿದ್ದಳು. ಬಟ್ಟಲು ಥಳಥಳ ಹೊಳೆಯುತ್ತಿತ್ತು. ಅದರ ಪಕ್ಕ ಹಿಡಿದರೆ ಜುಮಕಿ ಮಸಿಯ ಹಾಗೆ ಕಪ್ಪು.

ನನಗೆ ಸಂಕಟವಾಯಿತು. ಆಪಾ ಇಂಥ ಕಪ್ಪು ಜುಮಕಿ ಹಾಕಿಕೊಂಡು ಮದುಮಗಳಾಗಬೇಕೇ? ಹದಿಮೂರು ವರ್ಷದ ಬುದ್ಧಿ! ಗಂಟಿನ ಕೊಂಡಿಯದು ಹೆಚ್ಚು ಕಪ್ಪಾಗಿ ಕಂಡಿತು. ಅದನ್ನು ಮೊದಲು ಹಾಕಿದೆ ನೀರಿಗೆ. ಅವ್ವ ಕರೆದಳೆಂದು ಹೋಗಿ ಊಟ ಮಾಡಿ ಬಂದೆ. ತೆಗೆದು ನೋಡಿದರೆ ಬೆಳ್ಳಿ ಬೆಳ್ಳಗಾಗಿತ್ತು, ಹರಳು ಮಾತ್ರ ಮಬ್ಬಾಗಿ ಬೂದಿ ಬಡಿದ ಹಾಗೆ ಕಂಡವು. ಮಿಂಚು ಬರಲೆಂದು ಕುಸುಬಿ ಎಣ್ಣೆ ಹಚ್ಚಿ ತಿಕ್ಕಿದೆ. ತಿಕ್ಕಿದ ಹಾಗೆಲ್ಲ ಹರಳು ಎಣ್ಣೆ ಕುಡಿಯುತ್ತಾ ಹೋದವು. ಏಳಕ್ಕೆ ಏಳೂ ನೆನೆಸಿದ ಹೆಸರುಕಾಳಿನ ಹಾಗೆ ಹಸಿರಾದವು. ಬಾಜೂ ಅರಿವೆಯಲ್ಲಿ ಇನ್ನೊಂದು ಜುಮಕಿ ನೀಲಿಯಾಗಿ ಇದ್ದ ಹಾಗೇ ಇತ್ತು.

ಓಡಿಹೋಗಿ ಬಿಡಬೇಕು ಅನಿಸಿತು. ಆದರೆ ಎಲ್ಲಿಗೆ ಹೋಗುವುದು? ಎರಡನ್ನೂ ಅಂಗೈಯಲ್ಲಿಟ್ಟುಕೊಂಡು ಖಾಲಾನ ಮುಂದೆ ಹೋಗಿ ನಿಂತೆ.

ಪಂಜಾ ನಿಂತಿತು. ಖಾಲಾ ನನ್ನ ಅಂಗೈ ನೋಡಿದಳು.

"ಯಾತರಾಗ ತೊಳದಿ?"

"ಹುಣಸಿಹಣ್ಣು... ಅಂಟವಾಳ."

"ಆಮ್ಯಾಲ?"

"ಕುಸುಬಿ ಎಣ್ಣಿ ಹಚ್ಚಿದೆ."

"ಒಗ್ಗರಣಿ ಒಂದ ಹಾಕಿಲ್ಲ ನೋಡು!" ಎಂದಳು. ಎಂದು ನಗಲು ಹೋದಳು. ನಗು ಬರಲಿಲ್ಲ, ಕಣ್ಣು ತುಂಬಿ ಬಂದವು. ಸೆರಗಿನಿಂದ ಮುಖ ಒರೆಸಿಕೊಂಡು ಗೋಡೆಯ ಕಡೆ ತಿರುಗಿ ಕೂತಳು. ಅದು ಆಕೆಯ ತಾಯಿಯ ಜುಮಕಿ. ನನ್ನನ್ನು ಎರಡು ಬಡಿದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನಿಸುತ್ತದೆ...

ಆಮೇಲೆ ಇತ್ತ ತಿರುಗಿ ಕೇಳಿದಳು, "ಆ ನೀರ ಇನ್ನಾ ಐತೇನು?"

"ಐತಿ."

"ತಗೊಂಬಾ. ಎಣ್ಣೀನೂ ತಗೊಂಬಾ."

ತಂದೆ. ಖಾಲಾ ಆ ನೀಲಿ ಜುಮಕಿಯನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಒತ್ತಿಕೊಂಡು, ಹುಣಸೆಹುಳಿಯ ನೀರಿಗೆ ತಾನೇ ಬಿಟ್ಟಳು.

"ಖಾಲಾ!" ನಾನು ಚೀರಿದೆ.

"ಸುಮ್ನಿರು. ಜೋಡಿ ಅಂದಮ್ಯಾಲ ಎರಡೂ ಒಂದ ಥರಾ ಇರಬೇಕು," ಎಂದಳು. ನೀರಿನಿಂದ ತೆಗೆದು, ಎಣ್ಣೆ ಹಚ್ಚಿ, ನಾನು ಹಸಿರು ಮಾಡಿದಷ್ಟೇ ಹಸಿರಾಗುವವರೆಗೆ ಹೋಲಿಸಿ ಹೋಲಿಸಿ ತಿಕ್ಕಿದಳು. ಮುಗಿಸಿ ನನ್ನ ಗದ್ದ ಹಿಡಿದು, "ಯಾರ ಮುಂದೂ ಬಾಯಿ ಬಿಡಬ್ಯಾಡ. ನಿಮ್ಮ ಅವ್ವನ ಮುಂದೂ ಬ್ಯಾಡ. ಹೋಗು, ಮಾರಿ ತೊಳಕೋ" ಎಂದಳು. ನಾನು ಬಾಗಿಲು ದಾಟುವುದರೊಳಗೆ ಪಂಜಾದ ಸದ್ದು ಮತ್ತೆ ಶುರುವಾಗಿತ್ತು.

ಮರುದಿನ ಹೆಣ್ಣುಮಕ್ಕಳ ಕೋಣೆಯಲ್ಲಿ ಬೀಗತಿ ಆಪಾನ ಸೆರಗು ಸರಿಸಿ ಕಿವಿ ನೋಡಿದಳು. ಆಕೆಯ ಮುಖ ಇಳಿದುಹೋಯಿತು. "ಬಣ್ಣ... ಇದೇನ್ರಿ ಇದು?" ಎಂದಳು. ನಾನು ಅವ್ವನ ಬೆನ್ನ ಹಿಂದೆ ಅಡಗಿದೆ.

ಖಾಲಾ ಎಲ್ಲರಿಗೂ ಕೇಳುವ ಹಾಗೆ, ನಮಗೂ ತಿಳಿಯಲೆಂದು ಕನ್ನಡದಲ್ಲೇ ಹೇಳಿದಳು. "ನಾನ ತೊಳದೆರಿ ಬೀಗತೇರ. ಈ ಕೈಲೇ ಹುಣಸಿಹುಳ್ಯಾಗ ಹಾಕಿದೆ, ಈ ಕೈಲೇ ಎಣ್ಣಿ ಹಚ್ಚಿದೆ. ಊರಿಗೆಲ್ಲಾ ಶಾಣ್ಯಾತನ ಹೇಳೂವಾಕಿ, ನನಗ ಬುದ್ಧಿ ಇರಲಿಲ್ಲ ನೋಡ್ರಿ. ತಪ್ಪು ನಂದು, ಹರಳಿಂದಲ್ಲ, ನನ್ನ ಮಗಳದಂತೂ ಅಲ್ಲ."

ಆಗ ಎದುರುಮನೆಯಾಕೆ, ಅದೇ ಅವರೆಕಾಳಿನಾಕೆ, "ಅಯ್ಯ ನಮ್ಮವ್ವಾ! ಇನ್ನ ನೀನೂ ಅವರಿಕಾಳ ಕಟಗೋ!" ಎಂದು ಕಿಸಕ್ಕನೆ ನಕ್ಕಳು. ಕೋಣೆಯೆಲ್ಲ ನಕ್ಕಿತು. ಬೀಗತಿಯೂ ನಕ್ಕಳು. "ಇಷ್ಟನ? ನಾ ಏನೋ ಅಂದ್ಕೊಂಡಿದ್ದೆ" ಎಂದು ಆಪಾನ ಗಲ್ಲ ಸವರಿ ದೃಷ್ಟಿ ತೆಗೆದಳು. ನಕ್ಕವರಲ್ಲಿ ಖಾಲಾ ಎಲ್ಲರಿಗಿಂತ ಜೋರಾಗಿ ನಕ್ಕಳು.

ಆದರೆ ಓಣಿ ಅಷ್ಟಕ್ಕೇ ಬಿಡುತ್ತದೆಯೇ? ವರ್ಷಗಟ್ಟಲೆ ಆಡಿಕೊಂಡರು. ಖಾಲಾ ಯಾರಿಗೆ ಏನು ಬುದ್ಧಿ ಹೇಳಲು ಹೋದರೂ, "ಹೌದ್ರಿ, ಹುಣಸಿಹುಳ್ಯಾಗ ಹಾಕಿ ತಿಕ್ಕತೀವ್ರಿ" ಎನ್ನುವರು. ಕೊನೆಕೊನೆಗೆ ಆಕೆ ಬುದ್ಧಿ ಹೇಳುವುದನ್ನೇ ಬಿಟ್ಟಳು. ನಾನು ಬಾಯಿ ಬಿಡಲಿಲ್ಲ. ಬಿಡಬೇಡ ಎಂದಿದ್ದಳು ಎಂಬುದು ನೆಪ ಅಷ್ಟೇ, ನನಗೆ ಧೈರ್ಯವಿರಲಿಲ್ಲ. ಇದನ್ನು ಈಗ ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾನು ಓದಿದೆ, ಸಾಲಿಯಲ್ಲಿ ಶಿಕ್ಷಕಿಯಾದೆ, ಲಗ್ನವಾಗಿ ಅಣ್ಣಿಗೇರಿಗೆ ಬಂದೆ. ತವರಿಗೆ ಹೋದಾಗಲೆಲ್ಲ ಹೇಳಬೇಕು ಎಂದುಕೊಂಡು ಹೋಗುವುದು, ಹೇಳದೆ ಬರುವುದು. ಖಾಲಾಗೆ ವಯಸ್ಸಾಯಿತು, ಕಣ್ಣು ಮಂಜಾದವು. ಕೊನೆಯ ವರ್ಷ ಆಪಾ ಆಕೆಯನ್ನು ಸಂಶಿಗೆ ತನ್ನ ಮನೆಗೆ ಕರೆದೊಯ್ದಿದ್ದಳು. ನೋಡಲು ಹೋದೆ. ಬಾಗಿಲಲ್ಲಿ ಗೋಣಿತಟ್ಟಿನ ಮೇಲೆ ಕೂತಿದ್ದಳು. ಮೊದಲು ನನ್ನ ಕೈ ಹಿಡಿದು ತಿರುವಿ ನೋಡಿ, "ಇನ್ನಾ ಒಣಾ ಅದಾವ" ಎಂದಳು. ನಾನು ಗಟ್ಟಿ ಮನಸ್ಸು ಮಾಡಿ, "ಖಾಲಾ, ಆವತ್ತಿನ ಆ ಜುಮಕಿ..." ಎಂದೆ.

"ಚಾ ಆರತೈತಿ, ಕುಡಿ" ಎಂದಳು.

ಕುಡಿದೆ. ಮಾತು ಅಲ್ಲಿಗೇ ನಿಂತಿತು. ಮುಂದಿನ ಸಲ ಹೇಳಿದರಾಯಿತು ಎಂದು ಬಸ್ಸು ಹತ್ತಿದೆ. ಮುಂದಿನ ಸಲ ಎಂಬುದು ಬರಲಿಲ್ಲ. ಸುದ್ದಿ ತಿಳಿದು ನಾನು ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು.

ನಲವತ್ತು ದಿನ ಕಳೆದ ಮೇಲೆ ಆಪಾ ನಮ್ಮ ಮನೆಗೆ ಬಂದಳು. ಕುಪ್ಪಸದೊಳಗಿಂದ ಮಲ್‌ಮಲ್ ಅರಿವೆಯ ಸಣ್ಣ ಗಂಟು ತೆಗೆದು ನನ್ನ ಕೈಯಲ್ಲಿಟ್ಟಳು. "ಒಂದು ನನಗ, ಒಂದು ನಿನಗ ಅಂದಾಳ ಅಮ್ಮಾ. ಯಾವುದು ಯಾರಿಗೆ ಅಂತಾನೂ ಬೆರಳಲೇ ಮುಟ್ಟಿ ನೋಡಿ ಹೇಳ್ಯಾಳ."

ಬಿಚ್ಚಿದೆ. ಹಸಿರು ಹರಳು ಏಳು. ಕೊಂಡಿಯ ಮೇಲೆ ಬೆರಳಾಡಿಸಿದೆ... ನಯವಾಗಿತ್ತು. ಗಂಟು ಇರಲಿಲ್ಲ. ನಾನು ಕೆಡಿಸಿದ್ದನ್ನು ಖಾಲಾ ಮಗಳಿಗೆ ಇಟ್ಟಿದ್ದಳು, ತಾನು ಕೆಡಿಸಿಕೊಂಡದ್ದನ್ನು ನನಗೆ ಕಳಿಸಿದ್ದಳು.

ಅಂದು ನಾನು ಅತ್ತ ಹಾಗೆ ನನ್ನ ತಾಯಿ ಹೋದಾಗಲೂ ಅತ್ತಿರಲಿಲ್ಲ. ಅಳುತ್ತಲೇ ಆಪಾಗೆ ಹೇಳಿದೆ, "ನಿನ್ನ ಜುಮಕಿ ಕೆಡಿಸಿದಾಕಿ ನಾನು."

"ಗೊತ್ತೈತಿ," ಎಂದಳು ಆಪಾ. "ಲಗ್ನದ ದಿನಾನ ಗೊತ್ತಿತ್ತು. ಕಿವಿ ಹತ್ರ ನಿಮ್ಮ ಮನಿ ವಾಸನಿ ಬರ್ತಿತ್ತಲ್ಲ. ಅಂಟವಾಳದ್ದು."

"ಮತ್ತ ಯಾಕ ಸುಮ್ನಿದ್ದಿ?"

"ಅಮ್ಮಾ ಎಲ್ಲಾರ ಮುಂದ 'ನಾನ ತೊಳದೆ' ಅಂದ್ಳು. ಅಮ್ಮಾಗ ಸುಳ್ಳ ಎಲ್ಲಿ ಹೇಳಾಕ ಬರತಿತ್ತು? ಹಂಗಾರ ಒಂದನ್ನರ ತಾನ ತೊಳದಿರಬೇಕು, ಬೀಗರ ಮುಂದ ಆ ಮಾತು ಖರೇ ಆಗ್ಲಿ ಅಂತ. ನಿನ್ನ ಹೆಸರ ಬರಬಾರದು ಅಂತ."

ಜೋಡಿ ಒಂದೇ ಥರ ಇರಬೇಕು ಎಂದಷ್ಟೇ ತಿಳಿದುಕೊಂಡಿದ್ದೆ ನಾನು, ಅಷ್ಟೂ ವರ್ಷ. ಮಕ್ಕಳಿಗೆ ಪಾಠ ಹೇಳುವವಳಿಗೆ ಇದೊಂದು ಪಾಠ ತಲೆಗೆ ಹೋಗಿರಲಿಲ್ಲ.

ಮೊನ್ನೆ ಸೊಸೆಗೆ ಇದನ್ನೆಲ್ಲ ಹೇಳಿದೆ. ಚಹಾ ಸೋಸಿ ತಂದಿಟ್ಟುಕೊಂಡು ಹಿತ್ತಲ ಕಟ್ಟೆಯ ಮೇಲೆ ಕೂತು, ಆಪಾನನ್ನು ಬಿಟ್ಟರೆ ಮೊದಲ ಸಲ ಇನ್ನೊಬ್ಬರಿಗೆ ಬಾಯಿ ಬಿಟ್ಟು ಹೇಳಿದೆ. ಆಕೆ ಎದ್ದು ಕೈ ತೊಳೆದು, ಸೆರಗಿನಿಂದ ಒರೆಸಿಕೊಂಡು, ಬೆರಳು ಬಿಸಿಲಿಗೆ ಹಿಡಿದು ಪೂರ್ತಿ ಒಣಗಿಸಿಕೊಂಡು ಬಂದಳು. "ಅತ್ತಿ, ಆ ಮಲ್‌ಮಲ್ ಅರಿವಿ ಎಲ್ಲೈತ್ರಿ?" ಎಂದಳು. ಕೊಟ್ಟೆ. ಒಂದೊಂದೇ ಹರಳು ಮೆಲ್ಲಗೆ ಒರೆಸಿದಳು. ಅದರ ನೀಲಿ ಬರಲಿಲ್ಲ, ಇನ್ನು ಬರುವುದೂ ಇಲ್ಲ. ನೋಡುತ್ತೇನೆ, ಹುಡುಗಿ ಕೆನ್ನೆ ಉಬ್ಬಿಸಿಕೊಂಡು ಉಸಿರು ಬಿಗಿ ಹಿಡಿದಿದ್ದಾಳೆ.

ನನ್ನ ಚಹಾ ಕಟ್ಟೆಯ ಮೇಲೆ ಹಾಗೇ ಇತ್ತು, ತಣ್ಣಗಾಗಿ. ಆರತೈತಿ, ಕುಡಿ ಎನ್ನಲು ಖಾಲಾ ಇರಲಿಲ್ಲ.